ರಿಪೋರ್ಟಿನ ಹಿಂಬದಿ

ಕಪ್ಪೆ ಗಂಡೋ ಹೆಣ್ಣೋ ಎಂದು ತಿಳಿಯಬೇಕಾದರೆ ಅದರ ಎರಡು ಪಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಗಂಡಾದರೆ ಬಿಡು ಎನ್ನುವ ಹಾಗೆ ಗೊಣಗುತ್ತದೆ. ಹೆಣ್ಣು ಸುಮ್ಮನಿರುತ್ತದೆ. ಈಗ ಲ್ಯಾಬಿಗೆ ಸೇರುವ ನಿಮಗೆ ಇದು ಗೊತ್ತಿರಬೇಕಾಗಿಲ್ಲ. ನನಗೆ ಹತ್ತು ಹನ್ನೆರಡು ವರ್ಷ ದಿನ ಬೆಳಗಾದರೆ ಇದೇ ಕೆಲಸವಾಗಿತ್ತು.

ನನ್ನ ಹೆಸರು ಸಿಸಿಲಿಯಾ, ಊರು ಕೆಮ್ಮಣ್ಣು. ಮದರಾಸು ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ಸುಮಾರಿಗೆ ಉಡುಪಿಗೂ ಮಣಿಪಾಲಕ್ಕೂ ನಡುವೆ ಇದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದೆ. ಕ್ರಿಶ್ಚಿಯನ್ ಹೆಂಗಸಾದ್ದರಿಂದ ರೋಗಿಗಳು ನನ್ನನ್ನು ಬಾಯಿ, ಬಾಯಮ್ಮ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಹೆಸರು ಬೇಡ. ಅದು ಈಗ ಇಲ್ಲ, ಅಲ್ಲಿದ್ದವರಲ್ಲಿ ಹೆಚ್ಚಿನವರೂ ಇಲ್ಲ. ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಬಂದು ಕಾಲು ಚಾಚುವಾಗ ಕೈಯಲ್ಲಿ ಮೂತ್ರದ, ಸ್ಪಿರಿಟ್ಟಿನ ವಾಸನೆ ಇರುತ್ತಿತ್ತು. ಲೈಫ್‌ಬಾಯಿ ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಿಂದಲೇ ಗಂಜಿ ಊಟ. ಮೊದಲ ವರ್ಷ ಹೇಸಿಗೆಯಾಯಿತು, ಆಮೇಲೆ ಅದೂ ಆಗಲಿಲ್ಲ.

ಲ್ಯಾಬ್ ಎಂದರೆ ಔಷಧಿ ಕೋಣೆಯ ಹಿಂದಿನ ಉದ್ದನೆಯ ಕೋಣೆ. ಒಂದು ಮೈಕ್ರೋಸ್ಕೋಪು, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜು, ಸ್ಪಿರಿಟ್ ದೀಪ. ಕಿಟಕಿಯ ಕೆಳಗೆ ಸಾಲಾಗಿ ಮಣ್ಣಿನ ಮಡಕೆಗಳು. ಅದರೊಳಗೆ ಕಪ್ಪೆಗಳು. ನೀರಿನ ಕಪ್ಪೆಯಲ್ಲ, ಗದ್ದೆಯ ಬದುವಿನಲ್ಲಿ, ಬಚ್ಚಲ ಕಲ್ಲಿನ ಅಡಿಯಲ್ಲಿ ಕೂರುವ, ಮೈಯೆಲ್ಲ ಗುಳ್ಳೆಯಿರುವ ನೆಲಗಪ್ಪೆ. ಶೇಂದಿ ಇಳಿಸುವ ಬಾಬು ಪೂಜಾರಿ ಎಂಬವರು ಬೆಳಿಗ್ಗೆ ಮರ ಹತ್ತಿ ಇಳಿದ ಮೇಲೆ ಗದ್ದೆಯಲ್ಲಿ ಹಿಡಿದು ಗೋಣಿಯಲ್ಲಿ ತಂದುಕೊಡುತ್ತಿದ್ದರು.

ಕಪ್ಪೆ ಯಾಕೆ ಎಂದು ನನಗೆ ವಿವರಿಸಿದವರು ನಮ್ಮ ದೊಡ್ಡ ಡಾಕ್ಟರರು, ಡಾಕ್ಟರ್ ಪ್ರಭು. ಅವರ ಮನೆಮಾತೂ ಕೊಂಕಣಿ, ನನ್ನದೂ ಕೊಂಕಣಿ, ಆದರೆ ಅವರದು ಬೇರೆ, ನಮ್ಮದು ಬೇರೆ. ಹಾಗಾಗಿ ನಮ್ಮೊಳಗೆ ಕನ್ನಡವೇ ನಡೆಯುತ್ತಿತ್ತು, ಸಿಟ್ಟು ಬಂದಾಗ ಇಂಗ್ಲಿಷ್.

“ನೋಡಿ ಸಿಸಿಲಿಯಾ,” ಎಂದು ಅವರು ಹೇಳಿದ್ದರು. “ಹೆಂಗಸು ಗರ್ಭಿಣಿಯಾದಾಗ ಒಂದು ಹಾರ್ಮೋನು ಹುಟ್ಟುತ್ತದೆ. ಅದು ರಕ್ತದಲ್ಲಿ ಸೇರಿ ಇಡೀ ಮೈಗೆ ಹೋಗುತ್ತದೆ. ಹೋದರೂ ಎಲ್ಲ ಅಂಗಗಳೂ ಓಗೊಡುವುದಿಲ್ಲ. ಯಾವ ಗ್ರಂಥಿಗೆ ಅದರ ಗುರುತು ಉಂಟೋ ಅದು ಮಾತ್ರ ಕೆಲಸ ಸುರು ಮಾಡುತ್ತದೆ. ಹೆಂಗಸಿನಲ್ಲಿ ಅಂಡಾಶಯ. ಅದನ್ನೇ ಗಂಡು ಕಪ್ಪೆಗೆ ಕೊಟ್ಟರೆ ಅದರ ವೃಷಣ. ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಬರುತ್ತದೆ ಅಲ್ವಾ, ನಮಗೆ ಅದೇ ಸಾಕು.”

ಕೆಲಸ ಇಷ್ಟೇ. ಹೆಂಗಸಿನ ಬೆಳಗಿನ ಮೂತ್ರವನ್ನು ಸೋಸಿ ಕಪ್ಪೆಯ ಬೆನ್ನ ಚರ್ಮದ ಅಡಿಗೆ ಚುಚ್ಚುವುದು. ಎರಡು ಮೂರು ಗಂಟೆ ಬಿಟ್ಟು ಕಪ್ಪೆಯಿಂದ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ವೀರ್ಯಾಣುಗಳು ಮಿಸುಕಾಡುತ್ತಿದ್ದರೆ ಹೆಂಗಸು ಬಸುರಿ. ಇಲ್ಲದಿದ್ದರೆ ಇಲ್ಲ. ಚುಚ್ಚುವ ಮೊದಲೂ ಒಂದು ಹನಿ ನೋಡಿ, ಕಪ್ಪೆ ಖಾಲಿ ಉಂಟೆಂದು ಖಾತ್ರಿ ಮಾಡಿಕೊಳ್ಳಬೇಕು. ಎರಡು ಕಪ್ಪೆಗಳ ಮೇಲೆ ಮಾಡಬೇಕು. ಇದು ನಿಯಮ.

ನಿಯಮ ತಪ್ಪಿದ್ದು ಸುಶೀಲಮ್ಮನ ವಿಷಯದಲ್ಲಿ. ಸುಶೀಲಮ್ಮ ಕಾರ್ಕಳದವರು, ಗಂಡ ಶಾಲಾ ಮಾಸ್ತರರು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಎರಡು ತಿಂಗಳು ಮುಟ್ಟು ನಿಂತಿದೆ ಎಂದು ಬೆಳಗಿನ ಮೊದಲ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಮಳೆ ಸುರುವಾಗಿ ಎರಡು ದಿನವಾಗಿತ್ತಷ್ಟೆ. ನನ್ನ ಮಡಕೆಯಲ್ಲಿ ಸರಿಯಾದ ಗಂಡು ಕಪ್ಪೆ ಒಂದೂ ಉಳಿದಿರಲಿಲ್ಲ. ಬಾಬು ಪೂಜಾರಿಯವರು ಆಗಷ್ಟೇ ತಂದಿಟ್ಟ ಗೋಣಿಯಿಂದ ಗೊಣಗುವ ಒಂದನ್ನು ಆರಿಸಿದೆ. ಹನಿ ನೋಡುವ ಗೋಜಿಗೆ ಹೋಗದೆ ಚುಚ್ಚಿದೆ. ಹೊರಗೆ ಹದಿನಾಲ್ಕು ಜನ ರಕ್ತ ಕೊಡಲು ಕಾದಿದ್ದರು, ನಾನು ಒಬ್ಬಳೇ ಇದ್ದೆ ಎಂದು ಈಗ ಹೇಳಬಹುದು. ಹೇಳಿ ಏನು ಪ್ರಯೋಜನ?

ಎರಡು ಗಂಟೆ ಕಳೆದು ನೋಡಿದರೆ ಗಾಜಿನ ತುಂಬ ಮಿಸುಕಾಟ. ಹೊರಗೆ ಸುಶೀಲಮ್ಮ ಬಾಗಿಲಿನ ಹತ್ತಿರವೇ ನಿಂತಿದ್ದರು.

“ಎಂತ ಆಯಿತು ಬಾಯಿ? ನನಗೆ ಕಾರ್ಕಳದ ಬಸ್ಸಿಗೆ ಹೊತ್ತಾಯಿತು. ಡಾಕ್ಟ್ರು ಆಪರೇಷನ್‌ನಲ್ಲಿ ಇದ್ದಾರಂತೆ.”

ನಾನು ಆ ಮುಖ ನೋಡಿ ತಡೆಯಲಾರದೆ, “ಉಂಟು ಸುಶೀಲಮ್ಮ. ಒಳ್ಳೆಯ ಸುದ್ದಿಯೇ,” ಎಂದುಬಿಟ್ಟೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮೂತ್ರದ ಕೈ ಎಂದು ನಾನು ಎಳೆದುಕೊಂಡರೂ ಬಿಡಲಿಲ್ಲ.

ಮೂರು ವಾರ ಕಳೆದು ಅವರಿಗೆ ಮುಟ್ಟಾಯಿತು. ಗರ್ಭ ಇಳಿದದ್ದಲ್ಲ, ಇರಲೇ ಇಲ್ಲ. ಮೊದಲ ಮಳೆ ಬಿದ್ದಾಗ ಗಂಡು ಹೆಣ್ಣು ಕಪ್ಪೆಗಳು ಕೂಡುವ ಕಾಲ. ಆ ಕಪ್ಪೆಯ ಮಿದುಳಿನ ಬುಡದಲ್ಲಿರುವ ಗ್ರಂಥಿಯೇ ಅದರ ವೃಷಣಕ್ಕೆ ಹಾರ್ಮೋನು ಕಳಿಸಿಯಾಗಿತ್ತು. ಸುಶೀಲಮ್ಮನ ಮೂತ್ರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟರಲ್ಲಿ ಅವರ ಮನೆಯಲ್ಲಿ ಅತ್ತೆ ಊರಿಗೆಲ್ಲ ಹೇಳಿ ಆಗಿತ್ತು, ತವರಿನವರು ಬಂದು ಹೂ ಮುಡಿಸಿ ಹೋಗಿದ್ದರು. ಸುಶೀಲಮ್ಮ ಮತ್ತೆ ಬಂದಾಗ ಜಗಳ ಮಾಡಲಿಲ್ಲ.

“ನೀವು ಹೇಳಿದ್ದಿರಿ ಅಲ್ವಾ ಬಾಯಿ?” ಎಂದು ಕೇಳಿದರು. ನಾನು ಹೌದು ಎಂದೆ. “ಹಾಗಾದರೆ ನನ್ನ ಸುಳ್ಳಲ್ಲ. ಮನೆಯಲ್ಲಿ ನಾನೇ ಸುಳ್ಳು ಹೇಳಿದ್ದು ಅಂತ ಹೇಳ್ತಾರೆ.”

ಡಾಕ್ಟರ್ ಪ್ರಭು ಸುಶೀಲಮ್ಮನ ಮನೆಯವರಿಗೆ ಒಂದು ಪತ್ರ ಬರೆದು, ತಪ್ಪು ಆಸ್ಪತ್ರೆಯದು ಎಂದು ಸಹಿ ಹಾಕಿ ಕೊಟ್ಟರು. ಸುಶೀಲಮ್ಮ ಹೋದ ಮೇಲೆ ಡಾಕ್ಟರರು ನನ್ನನ್ನು ಕರೆದರು. ಮೊದಲು ಇಂಗ್ಲಿಷಿನಲ್ಲಿ ಬಂತು. ಆಮೇಲೆ ಸ್ವರ ತಗ್ಗಿಸಿ ಕನ್ನಡದಲ್ಲಿ ಹೇಳಿದರು: “ರೋಗಿಯ ಹತ್ತಿರ ಮಾತಾಡುವುದು ನನ್ನ ಕೆಲಸ. ನಿಮ್ಮದು ಬರೆಯುವುದು. ಬಂದ ಫಲಿತಾಂಶ ಬರೆದು ನನ್ನ ಮೇಜಿನ ಮೇಲಿಡಿ. ಅದರ ಹೊರತು ಒಂದು ಶಬ್ದ ಬೇಡ. ಅವರ ಹತ್ತಿರವೂ ಬೇಡ, ನನ್ನ ಹತ್ತಿರವೂ ಬೇಡ.”

ಸರಿ ಎಂದೆ. ಅವರು ಹೇಳಿದ್ದು ತಪ್ಪಾಗಿರಲಿಲ್ಲ. ನಾನು ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂದು ಸುಖವೂ ಇತ್ತು. ಅಂಕೆ ಬರೆದಿಟ್ಟು ಕೈ ತೊಳೆದರೆ ಮುಗಿಯಿತು. ರೋಗಿಗಳು ಎಂತ ಬಾಯಿ, ಹೇಗೆ ಉಂಟು ಎಂದು ಕೇಳಿದರೆ ಡಾಕ್ಟರರ ಕೋಣೆಯ ಕಡೆಗೆ ಕೈ ತೋರಿಸುವುದು. ಹೀಗೆ ನಾಲ್ಕು ವರ್ಷ ಹೋಯಿತು.

ಆ ನಡುವೆ ಆಸ್ಪತ್ರೆಗೆ ಬಿ.ಎಂ.ಆರ್. ಯಂತ್ರ ಬಂತು. ಮನುಷ್ಯ ಸುಮ್ಮನೆ ಮಲಗಿರುವಾಗ ಮೈ ಎಷ್ಟು ಆಮ್ಲಜನಕ ಸುಡುತ್ತದೆ ಎಂದು ಅಳೆಯುವ ಯಂತ್ರ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆಯೋ ಕಡಿಮೆಯೋ ಎಂಬುದು ಅದರಿಂದ ತಿಳಿಯುತ್ತಿತ್ತು. ರೋಗಿ ಬರೀ ಹೊಟ್ಟೆಯಲ್ಲಿ ಬಂದು ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಮೂಗಿಗೆ ಕ್ಲಿಪ್ಪು, ಬಾಯಿಗೆ ರಬ್ಬರಿನ ಕೊಳವೆ. ಉಸಿರಾಡಿದ ಹಾಗೆ ಒಂದು ಲೇಖನಿ ಸುತ್ತುವ ಕಾಗದದ ಮೇಲೆ ಏರಿಳಿದು ಗೆರೆ ಎಳೆಯುತ್ತಿತ್ತು. ಹೆದರಿ ಎದ್ದು ಕುಳಿತವರು, ಕೊಳವೆ ಉಗಿದವರು ಎಷ್ಟೋ ಜನ. ಹೆದರಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಆ ಅರ್ಧ ಗಂಟೆ ನಾನು ಪಕ್ಕದಲ್ಲೇ ಕೂರಬೇಕಿತ್ತು.

ಜಲಜ ಬಂದದ್ದು ಆ ಯಂತ್ರಕ್ಕೆ. ಕಾಪುವಿನವಳು, ಮೀನು ಹಿಡಿಯುವವರ ಮನೆ. ವಯಸ್ಸು ಇಪ್ಪತ್ತೆಂಟೋ ಏನೋ. ತಾಯಿ ಸೀತು ಅವಳ ತೋಳು ಹಿಡಿದು ಕರೆದುಕೊಂಡು ಬಂದರು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಹುಡುಗಿ ಕಂಬಳಿ ಹೊದ್ದಿದ್ದಳು. ಮುಖ ಮೇಣದ ಹಾಗೆ ಬಿಳಿ. ಹೆಸರು ಕೇಳಿದರೆ ಹೇಳಲಿಕ್ಕೆ ಒಂದು ನಿಮಿಷ. ಮೊದಲು ಮೀನಿನ ಬುಟ್ಟಿ ಹೊತ್ತು ನಾಲ್ಕು ಮೈಲಿ ನಡೆಯುತ್ತಿದ್ದವಳು ಈಗ ಬಾವಿಯಿಂದ ಒಂದು ಕೊಡ ನೀರು ಎಳೆಯಲಾರಳು. ಮನೆಯವರು ಸೋಮಾರಿ ಎಂದರು, ಯಾರೋ ದೆವ್ವದ ಸೋಂಕು ಎಂದರು. ಗಂಡ ಬರುವುದನ್ನು ನಿಲ್ಲಿಸಿದ್ದ.

ಜಲಜ ಕಣ್ಣು ಮುಚ್ಚಿ ಮಲಗಿದ್ದಾಗ ಸೀತು ನನ್ನ ಹತ್ತಿರ ತಗ್ಗಿದ ಸ್ವರದಲ್ಲಿ ಮಾತಾಡಿದರು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇವಳು ಹೀಗಿರಲಿಲ್ಲ ಬಾಯಮ್ಮ. ಮಗು ಹುಟ್ಟಿದ ಮೇಲೆ ಹೀಗಾದದ್ದು. ನಾಲ್ಕು ವರ್ಷ ಆಯಿತು. ಹೆತ್ತ ದಿನ ನೆತ್ತರು ಎಷ್ಟು ಹೋಯಿತು ಅಂದರೆ, ಚಾಪೆ ಎತ್ತಿದರೆ ಅಡಿಯಲ್ಲಿ ನೆಲವೂ ಒದ್ದೆ. ಸತ್ತೇ ಹೋದಳು ಅಂತ ನಾವು ಅತ್ತದ್ದು. ಎಚ್ಚರ ಬಂತು. ಆದರೆ ಎದೆಯಲ್ಲಿ ಒಂದು ಹನಿ ಹಾಲಿಲ್ಲ. ಮಗುವಿಗೆ ನನ್ನ ದೊಡ್ಡ ಮಗಳು ಹಾಲು ಕೊಟ್ಟದ್ದು. ಮಗು ಈಗ ಅವಳನ್ನೇ ಅಮ್ಮ ಅಂತ ಕರೆಯುತ್ತದೆ. ಮುಟ್ಟು ಕೂಡ ಮತ್ತೆ ಬರಲೇ ಇಲ್ಲ. ಕಂಕುಳಿನ ಕೂದಲೆಲ್ಲ ಉದುರಿಹೋಯಿತು. ಇದನ್ನೆಲ್ಲ ಗಂಡಸು ಡಾಕ್ಟ್ರ ಹತ್ತಿರ ಹೇಗೆ ಹೇಳುವುದು?”

“ಹೇಳಿ ಸೀತಕ್ಕ, ಅವರು ಎಂತ ತಿಳ್ಕೊಳ್ಳುವುದಿಲ್ಲ,” ಎಂದೆ.

“ನನಗೆ ಆಗಲಿಕ್ಕಿಲ್ಲ. ನೀವೇ ಹೇಳಿ ಬಾಯಮ್ಮ.”

ನಾನು ಹೇಳುತ್ತೇನೆ ಎನ್ನಲಿಲ್ಲ. ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಯಂತ್ರ ಸುರು ಮಾಡಿದೆ. ಗೆರೆ ಏರುವುದೇ ಕಷ್ಟದಲ್ಲಿ. ಇರಬೇಕಾದ್ದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಬಂತು. ಅಂಕೆ ಬರೆದು ಡಾಕ್ಟರರ ಮೇಜಿನ ಮೇಲಿಟ್ಟೆ. ಅವರು ಏನೋ ಓದುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಬಾಗಿಲಿನಲ್ಲಿ ಒಂದು ಕ್ಷಣ ನಿಂತೆ. ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಹೊರಗೆ ಬಂದೆ.

ಡಾಕ್ಟರ್ ಪ್ರಭು ಅಂಕೆ ನೋಡಿದರು, ಹುಡುಗಿಯನ್ನು ನೋಡಿದರು. ಥೈರಾಯ್ಡ್ ಗ್ರಂಥಿ ಸೋತಿದೆ ಎಂದು ತೀರ್ಮಾನಿಸಿ ಥೈರಾಯ್ಡಿನ ಮಾತ್ರೆ ಬರೆದುಕೊಟ್ಟರು. ಅವರ ಮುಂದಿದ್ದ ಕಾಗದದಿಂದ ಯಾರಾದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು.

ಹನ್ನೆರಡು ದಿನದ ಮೇಲೆ, ಬೆಳಗಿನ ಹತ್ತು ಗಂಟೆಗೆ, ಜಲಜಳನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದರು. ಎರಡು ದಿನದಿಂದ ವಾಂತಿ. ಈಗ ಕರೆದರೆ ಕಣ್ಣು ಬಿಡುವುದಿಲ್ಲ. ನಾಡಿ ಸಿಗುತ್ತಿರಲಿಲ್ಲ. ರಕ್ತದ ಸಕ್ಕರೆ ನೋಡಲು ನನಗೆ ಹೇಳಿದರು. ಆಗ ಸಕ್ಕರೆ ನೋಡುವುದೆಂದರೆ ಕುದಿಸಿ, ಬಣ್ಣ ಬರಿಸಿ, ಹೋಲಿಸಿ ನೋಡಬೇಕು. ಬಣ್ಣ ಬರಲೇ ಇಲ್ಲ ಎನ್ನುವಷ್ಟು ತೆಳು. ಇನ್ನೊಮ್ಮೆ ಮಾಡಿದೆ, ಅದೇ.

ಕಾಗದ ಹಿಡಿದು ವಾರ್ಡಿಗೆ ಓಡಿದೆ. ಡಾಕ್ಟರ್ ಪ್ರಭು ಗ್ಲೂಕೋಸ್ ಏರಿಸುತ್ತಿದ್ದರು. ಸೀತು ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಬಾಯಿ ಬಿಟ್ಟೆ.

“ಡಾಕ್ಟ್ರೇ, ಇವಳಿಗೆ ಹೆರಿಗೆಯಲ್ಲಿ ತುಂಬ ರಕ್ತ ಹೋಗಿತ್ತಂತೆ. ಹಾಲು ಬರಲಿಲ್ಲ. ಮುಟ್ಟು ಮತ್ತೆ ಬರಲಿಲ್ಲ. ಕಂಕುಳಿನ ಕೂದಲು ಉದುರಿದೆ.”

ಅವರು ಸೂಜಿ ಹಿಡಿದ ಹಾಗೆಯೇ ತಿರುಗಿ ನೋಡಿದರು. “ಹಾಲು ಬರಲಿಲ್ಲ?”

“ಒಂದು ಹನಿ ಕೂಡ ಇಲ್ಲ.”

“ಯಾವಾಗ ಗೊತ್ತಾಯಿತು ನಿಮಗೆ?”

“ಯಂತ್ರಕ್ಕೆ ಬಂದ ದಿನ.”

ಅವರು ಹುಡುಗಿಯ ತೋಳು ಎತ್ತಿ ಕಂಕುಳು ನೋಡಿದರು. ಆಮೇಲೆ ಗಟ್ಟಿಯಾಗಿ ಕಾಂಪೌಂಡರನ್ನು ಕರೆದು, ಆ ಬಾಡಿಗೆ ಕಾರಿನಲ್ಲೇ ಮಣಿಪಾಲಕ್ಕೆ ಓಡಿಸಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತರಿಸಿದರು. ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾನು ಜಲಜಳ ಕಾಲುಗಳನ್ನು ಉಜ್ಜುತ್ತಾ ಕುಳಿತಿದ್ದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ನಾಡಿ ಸಿಕ್ಕಿತು. ಸಂಜೆ ನಾಲ್ಕಕ್ಕೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು.

ಮರುದಿನ ಡಾಕ್ಟರ್ ಪ್ರಭು ಲ್ಯಾಬಿಗೆ ತಾವೇ ಬಂದು ಸ್ಟೂಲಿನ ಮೇಲೆ ಕುಳಿತರು. ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ. ಅಲ್ಲಿಂದ ಬೇರೆ ಬೇರೆ ಹಾರ್ಮೋನುಗಳು ಹೊರಡುತ್ತವೆ. ಒಂದು ಥೈರಾಯ್ಡಿಗೆ, ಒಂದು ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ, ಒಂದೆರಡು ಅಂಡಾಶಯಕ್ಕೆ, ಇನ್ನೊಂದು ಹಾಲಿಗೆ. ಬಸುರಿಯಲ್ಲಿ ಆ ಪಿಟ್ಯುಟರಿ ದೊಡ್ಡದಾಗಿ, ಹೆಚ್ಚು ರಕ್ತ ಬೇಡುತ್ತದೆ. ಹೆರಿಗೆಯಲ್ಲಿ ರಕ್ತ ಸುರಿದುಹೋದರೆ ಮೊದಲು ಸಾಯುವುದೇ ಅದು.

“ಅವಳ ಥೈರಾಯ್ಡ್ ಸರಿಯಾಗಿಯೇ ಉಂಟು,” ಎಂದರು. “ಅಡ್ರಿನಲ್ಲೂ ಸರಿ ಉಂಟು, ಅಂಡಾಶಯವೂ. ಕೆಲಸ ಮಾಡು ಅಂತ ಮೇಲಿಂದ ಬರುವುದು ನಿಂತಿದೆ. ನಾಲ್ಕು ವರ್ಷದಿಂದ ಎಲ್ಲವೂ ನಿದ್ದೆ. ನಾನು ಥೈರಾಯ್ಡಿನ ಮಾತ್ರೆ ಮಾತ್ರ ಕೊಟ್ಟೆ. ಮೈ ಒಮ್ಮೆಲೇ ಜೋರಾಗಿ ಸುಡಲಿಕ್ಕೆ ಸುರು ಮಾಡಿತು, ನಾಡಿ, ಸಕ್ಕರೆ ಬೀಳದ ಹಾಗೆ ಹಿಡಿಯುವ ಕಾರ್ಟಿಸೋನ್ ಅಡ್ರಿನಲ್ಲಿನಿಂದ ಚೂರುಪಾರು ಬರುತ್ತಿದ್ದದ್ದೂ ಮುಗಿಯಿತು. ಮೊದಲು ಕಾರ್ಟಿಸೋನ್ ಕೊಟ್ಟು ಆಮೇಲೆ ಥೈರಾಯ್ಡ್ ಕೊಡಬೇಕಿತ್ತು.”

ಚಿತ್ರದ ಕಾಗದ ಮಡಚುತ್ತಾ ಕೇಳಿದರು, “ಅವತ್ತೇ ಯಾಕೆ ಹೇಳಲಿಲ್ಲ ಸಿಸಿಲಿಯಾ?”

“ನೀವು ಬೇಡ ಅಂದಿದ್ದಿರಿ, ಡಾಕ್ಟ್ರೇ. ಸುಶೀಲಮ್ಮನ ಸಲ.”

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕಪ್ಪೆಗಳ ಮಡಕೆಯ ಮುಚ್ಚಳ ಸರಿ ಮಾಡಿದರು. “ಕೇಳಬೇಕಾದವನು ನಾನು. ಕೇಳಲಿಲ್ಲ,” ಎಂದರು. ಮತ್ತೆ, “ಆದರೂ ನೀವು ಹೇಳಬೇಕಿತ್ತು,” ಎಂದರು. ಎರಡೂ ನಿಜ. ಇಷ್ಟು ವರ್ಷ ತಿರುಗಿಸಿ ಮುರುಗಿಸಿ ಯೋಚಿಸಿದರೂ ನನಗೆ ಅದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಆಗಿಲ್ಲ.

ಅದರ ಮುಂದಿನ ವಾರದಿಂದ ನಮ್ಮಲ್ಲಿ ಒಂದು ಹೊಸ ಪದ್ಧತಿ ಬಂತು. ರಿಪೋರ್ಟಿನ ಎದುರು ಬದಿಯಲ್ಲಿ ಅಂಕೆ, ಹಿಂಬದಿಯಲ್ಲಿ ರೋಗಿ ಲ್ಯಾಬಿನಲ್ಲಿ ಆಡಿದ ಮಾತು. ಸರಿಯೋ ತಪ್ಪೋ ನಾನು ಯೋಚಿಸಬಾರದು, ಕೇಳಿದ್ದನ್ನು ಬರೆಯಬೇಕು. ಡಾಕ್ಟರ್ ಪ್ರಭು ಹಿಂಬದಿಯನ್ನೇ ಮೊದಲು ಓದುತ್ತಿದ್ದರು. ಅದರಿಂದ ನನ್ನ ಕೆಲಸ ದಿನಕ್ಕೆ ಒಂದು ಗಂಟೆ ಹೆಚ್ಚಾಯಿತು. ಬರೆದದ್ದರಲ್ಲಿ ನೂರಕ್ಕೆ ತೊಂಬತ್ತು ಪಾಲು ಉಪಯೋಗವಿಲ್ಲದ್ದು. ಸೊಸೆಯ ದೂರು, ಮೊಣಕಾಲಿನ ನೋವು, ಕಡಲ ಬದಿಯ ಹೂಡೆ ಊರಿನಲ್ಲಿ ಬಾವಿಯ ಸಿಹಿನೀರಿಗೆ ಉಪ್ಪು ಸೇರಿದ್ದು. ಉಳಿದ ಹತ್ತು ಪಾಲು ಯಾವುದು ಎಂದು ಬರೆಯುವಾಗ ಗೊತ್ತಾಗುವುದಿಲ್ಲ. ಆಯಾಸವಾಗುವುದು ಅದಕ್ಕೇ.

ಜಲಜ ಒಂದು ತಿಂಗಳು ನಮ್ಮಲ್ಲಿದ್ದಳು. ಮೊದಲು ಕಾರ್ಟಿಸೋನ್, ಆಮೇಲೆ ಚೂರು ಚೂರಾಗಿ ಥೈರಾಯ್ಡ್. ಮುಖಕ್ಕೆ ಬಣ್ಣ ಬಂತು. ಮಾತು ಬೇಗ ಬಂತು, ಜಗಳವೂ ಬಂತು. ಊಟಕ್ಕೆ ಮೀನಿಲ್ಲ ಎಂದು ಅಡುಗೆಯವರನ್ನು ಬೈದ ದಿನ ವಾರ್ಡಿನಲ್ಲಿ ಎಲ್ಲರೂ ನಕ್ಕೆವು. ಬಿಡುಗಡೆಯ ದಿನ ಡಾಕ್ಟರ್ ಪ್ರಭು ನನ್ನನ್ನು ಕರೆದು, ಅವಳಿಗೆ ಇನ್ನು ಮಕ್ಕಳಾಗುವುದಿಲ್ಲ, ಅದನ್ನು ನೀವು ಹೇಳಿದರೆ ಒಳ್ಳೆಯದು ಎಂದರು. ಮಾತ್ರೆಯ ವಿಷಯವನ್ನೂ ತಾಯಿಗೆ ಅರ್ಥವಾಗುವ ಹಾಗೆ ತುಳುವಿನಲ್ಲಿ ಹೇಳಿ ಎಂದರು.

ಹಿಂದಿನ ವರಾಂಡದಲ್ಲಿ ಕೂರಿಸಿ ಹೇಳಿದೆ. ಮಕ್ಕಳ ಮಾತಿಗೆ ಜಲಜ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಇರುವ ಒಂದು ನನ್ನನ್ನು ಅಮ್ಮ ಅಂತ ಕರೆಯುವುದಿಲ್ಲ ಬಾಯಮ್ಮ. ಮೊದಲು ಅದು ಆಗಲಿ,” ಎಂದಳು.

ಸೀತುವಿಗೆ ಓದು ಬರಹ ಇರಲಿಲ್ಲ. ಬರೆದು ಕೊಟ್ಟರೂ ಚೀಟಿ ಕಳೆದುಹೋಗುತ್ತದೆ ಎಂದರು. ಹಾಗಾಗಿ ಬಾಯಿಪಾಠ ಮಾಡಿಸಿದೆ. ಈ ಕಾರ್ಟಿಸೋನ್ ಮಾತ್ರೆ ಒಂದು ದಿನವೂ ತಪ್ಪಬಾರದು. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್. ಔಷಧಿಯ ಹೆಸರು ಅವರ ನಾಲಿಗೆಗೆ ಹತ್ತಲು ಅರ್ಧ ದಿನ ಹೋಯಿತು. ಬಸ್ಸು ಹತ್ತುವವರೆಗೂ ಹೇಳಿಸುತ್ತಲೇ ಇದ್ದೆ.

ಅರವತ್ತರ ದಶಕದ ಕೊನೆಗೆ ಕಪ್ಪೆಗಳು ಹೋದವು. ಗಾಜಿನ ಮೇಲೆ ಮೂತ್ರದ ಹನಿಗೆ ಎರಡು ಹನಿ ಔಷಧಿ ಬೆರೆಸಿ ತೂಗಾಡಿಸಿದರೆ ಎರಡು ನಿಮಿಷದಲ್ಲಿ ಫಲಿತಾಂಶ. ಇನ್ನು ಕಪ್ಪೆ ಬೇಡ ಎಂದಾಗ ಬಾಬು ಪೂಜಾರಿಯವರು ಖಾಲಿ ಗೋಣಿ ಮಡಚುತ್ತಾ, “ಹಾಗಾದರೆ ಬಸುರಿಯಾದದ್ದು ಕಪ್ಪೆಗೆ ಗೊತ್ತಾಗದಿದ್ದರೂ ಆಗ್ತದಾ ಈಗ?” ಎಂದು ಕೇಳಿದರು. ಡಾಕ್ಟರ್ ಪ್ರಭು ಪಾಠ ಮಾಡಲು ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ಹಿಂಬದಿ ಓದುತ್ತಿರಲಿಲ್ಲ. ನಾನು ಬರೆಯುವುದನ್ನು ಬಿಡಲಿಲ್ಲ. ಹಟವೇನೂ ಅಲ್ಲ, ಕೈಗೆ ಅಭ್ಯಾಸವಾಗಿತ್ತು.

ಅಂಥ ಒಂದು ದಿನ, ಊಟದ ಹೊತ್ತು ಮೀರಿತ್ತು. ಬಿಳಿ ರಕ್ತಕಣ ಎಣಿಸುತ್ತಾ ಮೈಕ್ರೋಸ್ಕೋಪಿಗೆ ಬಗ್ಗಿದ್ದೆ. ಬಾಗಿಲಿನಲ್ಲಿ ಯಾರೋ ನಿಂತ ಹಾಗಾಯಿತು. ನೋಡಿದರೆ ಸೀತು. ತುಂಬ ಸೊರಗಿದ್ದರು. ಒಬ್ಬರೇ ಬಂದಿದ್ದರು.

“ಜಲಜ ಎಲ್ಲಿ ಸೀತಕ್ಕ?”

“ಮನೆಯಲ್ಲಿ ಉಂಟು. ಹೋದ ವಾರ ಜ್ವರ ಬಂತು ಬಾಯಮ್ಮ. ನೀವು ಹೇಳಿದ ಹಾಗೆ ಎರಡು ಮಾತ್ರೆ ಕೊಟ್ಟೆ. ಎಲ್ಲ ವಾಂತಿ ಮಾಡಿದಳು. ಹತ್ತಿರದ ಒಬ್ಬ ಹೊಸ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದೆವು. ಬರೀ ಜ್ವರ, ಮನೆಗೆ ಹೋಗಿ ಅಂದರು. ನಾನು ಬಾಗಿಲಿಗೆ ಅಡ್ಡ ಕೂತೆ. ಇವಳಿಗೆ ಹೆತ್ತಾಗ ನೆತ್ತರು ಹೋಗಿದೆ, ಹಾಲು ಬರಲಿಲ್ಲ, ಹೈಡ್ರೋಕಾರ್ಟಿಸೋನ್ ಕೊಡಿ, ಕೊಡುವವರೆಗೆ ನಾನು ಏಳುವುದಿಲ್ಲ ಅಂದೆ. ಆ ಹೆಸರು ನನ್ನ ಬಾಯಲ್ಲಿ ಕೇಳಿ ಅವರು ಕುರ್ಚಿಯಿಂದ ಎದ್ದುಬಿಟ್ಟರು.”

“ಕೊಟ್ಟರಾ?”

“ಕೊಟ್ಟರು. ನಿನ್ನೆ ಎದ್ದು ತನ್ನ ಮಗಳಿಗೆ ತಲೆ ಬಾಚಿದಳು.”

ನಾನು ಸ್ಟೂಲಿನ ಮೇಲೆ ಕುಳಿತೆ. ನೀರು ಕುಡಿಯುತ್ತೀರಾ ಎಂದು ಕೇಳಿದೆ. ಬೇಡ, ಬಸ್ಸಿಗೆ ಹೊತ್ತಾಯಿತು, ಇಷ್ಟು ಹೇಳಿ ಹೋಗೋಣ ಅಂತ ಬಂದದ್ದು ಎಂದರು. ಹೋದರು. ವರಾಂಡದ ಕೊನೆಯವರೆಗೂ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು.

ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಎಣಿಕೆ ಎಲ್ಲಿಗೆ ಬಂದಿತ್ತು ಎಂಬುದು ಮರೆತುಹೋಗಿತ್ತು. ಮೊದಲಿನಿಂದ ಎಣಿಸಲು ಸುರು ಮಾಡಿದೆ.